ಲಿಲ್ಲಿ ಬಾಯಿಯ ಮೂವತ್ತೊಂದನೆಯ ಪಾಠ

ಹಳೆಯ ಸಿಪಿಯು ಬಿಚ್ಚಿದಾಗ ಒಂದು ವಾಸನೆ ಬರುತ್ತದೆ, ಕಾದು ಆರಿದ ಧೂಳಿನದು. ಮಣಿಪಾಲದ ನಮ್ಮ ಆಫೀಸಿನಲ್ಲಿ ಗುಜರಿಗೆ ಹೋಗುವ ಕಂಪ್ಯೂಟರುಗಳನ್ನು ಕೊನೆಯ ಸಲ ನೋಡಿ ಕಳಿಸುವ ಕೆಲಸ ನನ್ನದು. ಹೋದ ವಾರ ಒಂದನ್ನು ಬಿಚ್ಚಿದೆ. ವಾಸನೆ ಮೂಗಿಗೆ ಬಡಿದದ್ದೇ ಎದ್ದು ಎರಡು ಹೆಜ್ಜೆ ಹಿಂದೆ ಸರಿದೆ. ಧೂಳಿಗೆ ಯಾರಾದರೂ ಹೆದರುತ್ತಾರೆಯೇ ಎಂದು ನೀವು ಕೇಳಬಹುದು. ನಾನು ಹೆದರುತ್ತೇನೆ. ಕಾರಣ ಕಾಪುವಿನ ಲಿಲ್ಲಿ ಬಾಯಿ; ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತಾರೆ.

ಆಗ ನಾನು ಬಿಸಿಎ ಮುಗಿಸಿ ಕಾಪುವಿನ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಗೆ ಸೇರಿದ್ದೆ. ಇನ್ನಂಜೆಯ ನಮ್ಮ ಮನೆಯಲ್ಲಿ ಡಿಗ್ರಿ ಎಂಬುದು ನನ್ನಿಂದಲೇ ಶುರು. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಎಲೆ ಕತ್ತರಿಸುತ್ತಾ ಬಂದವರಿಗೆಲ್ಲ, "ನಮ್ಮವಳು ಕಂಪ್ಯೂಟರಿನ ಡಾಕ್ಟರ್" ಎನ್ನುತ್ತಿದ್ದಳು. ತಿದ್ದಬೇಕಾದ ನಾನು ತಿದ್ದಲಿಲ್ಲ. ಕೇಳಿ ಕೇಳಿ ನನಗೂ ಹಾಗೆಯೇ ಅನ್ನಿಸತೊಡಗಿತ್ತು. 'ಗೊತ್ತಿಲ್ಲ' ಎಂಬ ಮಾತು ಗಂಟಲಿಗೆ ಬಂದರೆ ನುಂಗಿಬಿಡುತ್ತಿದ್ದೆ. ಗೊತ್ತಿಲ್ಲ ಎನ್ನುವುದಕ್ಕೆ ಅಮ್ಮನ ಬೆರಳು ಅಷ್ಟು ಸವೆಯಬೇಕಿತ್ತೇ?

ಗಲ್ಫಿನಿಂದ ಗಂಡಸರು ರಜೆಗೆ ಬರುವ ಹೊತ್ತಿಗೆ ಅಂಗಡಿಯಲ್ಲಿ ಒಂದು ಬಗೆಯ ಕೆಲಸ ಹೆಚ್ಚಾಗುತ್ತಿತ್ತು. ಮನೆಗೆ ಸುಣ್ಣ ಬಳಿಸುವುದು, ಬಾವಿಯ ಕೆಸರು ತೆಗೆಸುವುದು, ಜೊತೆಗೆ ಕಂಪ್ಯೂಟರ್ ಕ್ಲೀನ್ ಮಾಡಿಸುವುದು. ಫ್ಯಾನಿನ ಧೂಳು ತೆಗೆದರೆ ಕ್ಲೀನ್ ಆಯಿತೆಂದು ನಾನು ಮೊದಲು ಎಣಿಸಿದ್ದೆ. ಹೆಂಗಸರು ಕೇಳುತ್ತಿದ್ದುದು ಬೇರೆ. "ನೋಡಿದ್ದು ಗೀಡಿದ್ದು ಎಲ್ಲ ತೆಗೆಯಲಿಕ್ಕೆ ಆಗ್ತದಾ?" ಎಂದು, ದನಿ ತಗ್ಗಿಸಿ. ಎಷ್ಟೋ ಮಂದಿ ನೋಡಿದ್ದು ಬರೀ ಧಾರಾವಾಹಿ. ಆದರೂ ವರ್ಷವಿಡೀ ಒಬ್ಬಳೇ ಮನೆ ನಡೆಸಿದವಳಿಗೆ ತನ್ನದು ಎನ್ನುವಂಥದ್ದು ಒಂದಿಷ್ಟು ಇರುತ್ತದಲ್ಲ.

ಲಿಲ್ಲಿ ಬಾಯಿಯದು ಧಾರಾವಾಹಿ ಅಲ್ಲ. ಅವರು ಹಿಂದೆ ಕಾರ್ಕಳದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟರು. ಅತ್ತೆ ತೀರಿಹೋದ ಮೇಲೆ ಮರಳಿ ಹೋಗುತ್ತೇನೆಂದರೆ ಗಂಡ ಫ್ರಾನ್ಸಿಸರು ಒಪ್ಪಲಿಲ್ಲ. ಹಾಗಾಗಿ ಗುಟ್ಟಿನಲ್ಲಿ ಒಂದು ಕೋರ್ಸು ಹಿಡಿದಿದ್ದರು, ಬಹುಕಾಲ ಕೆಲಸ ಬಿಟ್ಟ ನರ್ಸುಗಳಿಗೆ ಕಂಪ್ಯೂಟರಿನಲ್ಲೇ ವಿಡಿಯೊ ಪಾಠ. ಒಂದು ಪಾಠದ ಪ್ರಶ್ನೆಗಳಿಗೆ ಉತ್ತರಿಸಿದರೆ ಮಾತ್ರ ಮುಂದಿನದು ತೆರೆಯುತ್ತಿತ್ತು. ಒಟ್ಟು ನಲವತ್ತು ಪಾಠ. ಮುಗಿಸಿದವರಿಗಷ್ಟೇ ಪರೀಕ್ಷೆ. ಅದಕ್ಕೆ ಎರಡು ವಾರ ಇರುವಾಗ ಫ್ರಾನ್ಸಿಸರಿಗೆ ಎಣಿಸಿದ್ದಕ್ಕಿಂತ ಮೊದಲೇ ರಜೆ ಸಿಕ್ಕಿತು.

ಅವರು ಗಲ್ಫಿನಲ್ಲಿ ಒಂದು ಕಂಪೆನಿಯ ಕಂಪ್ಯೂಟರ್ ವಿಭಾಗದಲ್ಲಿದ್ದವರು. "ಬಂದವರು ಕೈಕಾಲು ತೊಳೆಯುವುದಿಲ್ಲ ಮಾರಾಯ್ತಿ, ಮೊದಲು ಕಂಪ್ಯೂಟರ್ ಹಾಕ್ತಾರೆ. ಕಳೆದ ಸಲ ಯಾವ ದಿನ ಎಂತ ನೋಡಿದ್ದು ಅಂತ ಪೊಲೀಸರ ಹಾಗೆ ಕೇಳಿದ್ದಾರೆ," ಎಂದರು ಲಿಲ್ಲಿ ಬಾಯಿ. ಮುಗಿಸಿದ ಮೂವತ್ತರ ಲೆಕ್ಕ ಕೋರ್ಸಿನವರ ಬಳಿ ಇರುತ್ತದೆಂದು ನಂಬಿ, ಉಳಿದ ಪಾಠಗಳನ್ನು ಕಾರ್ಕಳದ ತಂಗಿಯ ಮನೆಯಲ್ಲಿ ನೋಡಿ ಮುಗಿಸುವುದೆಂದು ಅವರ ಲೆಕ್ಕ.

ನಾನು ಸಿಪಿಯು ಬಿಚ್ಚಿ ಧೂಳು ತೆಗೆದೆ, ಬ್ರೌಸರಿನಲ್ಲಿ ನೋಡಿದ್ದರ ಪಟ್ಟಿಯಾದ ಹಿಸ್ಟರಿ ಅಳಿಸಿದೆ, ಸೈಟುಗಳು ಗುರುತಿಗೆ ಬಿಟ್ಟುಹೋಗುವ ಕುಕೀಸ್ ಅಳಿಸಿದೆ. "ಇನ್ನು ಯಾರಪ್ಪನಿಗೂ ಸಿಗುವುದಿಲ್ಲ ಬಾಯಿ," ಎಂದೆ. ಪಲ್ಯಕ್ಕೆಂದು ಅವರು ಕೊಟ್ಟ ಜೀಗುಜ್ಜೆ ಕಾಯಿ ಹಿಡಿದುಕೊಂಡು ಗೆದ್ದವಳ ಹಾಗೆ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಫೋನು. "ನೀನು ಅಳಿಸಿದ್ದು ಹೌದಾ? ಸುಮ್ಮನೆ ನೋಡುವಾ ಅಂತ ಪಾಠ ತೆರೆದರೆ ನನ್ನ ಹೆಸರು ಹಿಡಿದು ಕರೀತದೆ! ಮೂವತ್ತೊಂದರಿಂದ ಮುಂದುವರಿಸುವುದಾ ಅಂತ ಕೇಳ್ತದೆ. ಇವರ ವಿಮಾನ ಬಜಪೆಯಲ್ಲಿ ಇಳಿದಾಯ್ತು!"

ಓಡಿದೆ. ಮತ್ತೊಮ್ಮೆ ಅಳಿಸಿದೆ. ಮತ್ತೆ ಅದೇ ಕರೆ, "ಲಿಲ್ಲಿ". ಗೋಡೆಯ ಗಡಿಯಾರವನ್ನು ನೋಡಬಾರದೆಂದುಕೊಂಡೇ ನೋಡುತ್ತಿದ್ದೆ. ಗಡಿಬಿಡಿಯಲ್ಲಿ ವಿಡಿಯೊದ ಮೇಲೆ ಮೌಸಿನ ಬಲಗುಂಡಿ ಒತ್ತಿಹೋಯಿತು. ಸೆಟ್ಟಿಂಗ್ಸ್ ಎಂದಿತ್ತು. ಒಳಹೊಕ್ಕರೆ, ನಾನು ನಿನ್ನೆ ಅಳಿಸಿದ್ದ ಸೈಟುಗಳು ಎಷ್ಟೋ ಅಲ್ಲಿ ಸಾಲಾಗಿ ಕುಳಿತಿದ್ದವು. ವಿಡಿಯೊ ಓಡಿಸಲೆಂದು ಹಾಕಿದ್ದ ಫ್ಲ್ಯಾಶ್ ಎಂಬ ಪ್ಲಗ್-ಇನ್, ಬ್ರೌಸರಿಗೆ ಸೇರದ ತನ್ನದೇ ಡಬ್ಬಿಯೊಂದನ್ನು ಇಟ್ಟುಕೊಂಡು ಎಲ್ಲ ತುಂಬಿಸಿಕೊಂಡಿತ್ತು. ಮೂರು ವರ್ಷ ಓದಿದ ನನಗೆ ಅದರ ಸುಳಿವೇ ಇರಲಿಲ್ಲ.

ಒಂದೊಂದಾಗಿ ಅಳಿಸುತ್ತಾ ಬಂದೆ. ಕೊನೆಗೆ ಉಳಿದದ್ದು ಪಾಠದ ಸೈಟು. ಕೈ ನಿಂತಿತು. ಹೆಸರು ಇಲ್ಲೇ ಉಂಟೆಂದರೆ ಮುಗಿಸಿದ ಪಾಠಗಳ ಗುರುತು ಎಲ್ಲಿ? ಕೋರ್ಸಿನ ಸಹಾಯದ ಪುಟ ತೆರೆದೆ. ಅದೂ ಇದೇ ಕಂಪ್ಯೂಟರಿನಲ್ಲಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಪೆನ್‌ಡ್ರೈವಿಗೆ ನಕಲು ಮಾಡಬಹುದಿತ್ತಲ್ಲ ಎಂದು ತಿಳಿದವರು ಹೇಳಬಹುದು. ಆ ಡಬ್ಬಿ ಯಾವ ಫೋಲ್ಡರಿನಲ್ಲಿ ಉಂಟೆಂದು ನನಗೆ ಗೊತ್ತಿದ್ದರೆ ತಾನೇ?

"ಬಾಯಿ, ಇದನ್ನು ತೆಗೆದರೆ ಮೂವತ್ತು ಪಾಠವೂ ಹೋಗ್ತದೆ. ಒಂದರಿಂದ ಶುರು ಮಾಡ್ಬೇಕು."

"ಹನ್ನೆರಡು ದಿನದಲ್ಲಾ? ಎಲ್ಲ ಸರಿ ಉಂಟು ಅಂತ ನಿನ್ನೆ ಹೇಳಿದ್ದು ಯಾರು?"

"ನಾನು."

"ಮತ್ತೆ ಡಿಗ್ರಿ ಎಂತಕ್ಕೆ ಮಾರಾಯ್ತಿ? ಗೋಡೆಗೆ ತೂಗಲಿಕ್ಕಾ?"

"ನನಗೆ ಗೊತ್ತಿರಲಿಲ್ಲ, ಬಾಯಿ."

ಡಿಗ್ರಿ ಸಿಕ್ಕ ಮೇಲೆ ಆ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಅಷ್ಟರಲ್ಲಿ ಗೇಟಿನ ಹೊರಗೆ ಕಾರು ನಿಂತಿತು. ಡಿಕ್ಕಿ ತೆರೆದ ಸದ್ದು. ನನ್ನ ಬೆರಳು ಮೌಸಿನ ಗುಂಡಿಯ ಮೇಲೆಯೇ ಇತ್ತು.

"ತೆಗೀಬೇಡ," ಎಂದರು ಲಿಲ್ಲಿ ಬಾಯಿ.

"ಅವರು ಬಂದ್ರಲ್ಲ..."

"ಬರಲಿ. ಅವರಮ್ಮನ ಬೆನ್ನಿನ ಹುಣ್ಣಿಗೆ ಮದ್ದು ಹಚ್ಚುವಾಗ ನಾನು ನರ್ಸ್ ಅಂತ ನೆನಪಿತ್ತು. ಈಗ ಮರೆತಿದ್ರೆ ನೆನಪು ಮಾಡ್ತೇನೆ. ಸೌಂಡ್ ಜಾಸ್ತಿ ಇಡು."

ಮೂವತ್ತೊಂದನೆಯ ಪಾಠ ಶುರುವಾಯಿತು. ಫ್ರಾನ್ಸಿಸರು ಸೂಟ್‌ಕೇಸ್ ಕೆಳಗಿಡದೆ ಬಾಗಿಲಲ್ಲೇ ನಿಂತರು. "ಎಂತ ಇದು?"

"ನನ್ನ ಪಾಠ. ಇನ್ನು ಹತ್ತು ಉಂಟು," ಎಂದರು ಲಿಲ್ಲಿ ಬಾಯಿ. ಕುರ್ಚಿಯಿಂದ ಏಳಲಿಲ್ಲ. "ಕಾಫಿ ಫ್ಲಾಸ್ಕಿನಲ್ಲಿ ಉಂಟು. ಈ ಪ್ರಶ್ನೆಗಳು ಮುಗಿದ ಮೇಲೆ ಬರ್ತೇನೆ."

ಫ್ರಾನ್ಸಿಸರ ಮುಖ ಕಪ್ಪಿಟ್ಟಿತು. ಕಂಪ್ಯೂಟರಿನ ಡಾಕ್ಟರ್ ಆದ ನಾನು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಗೇಟು ದಾಟಿದೆ.

ನಾಲ್ಕು ದಿನ ಸುದ್ದಿ ಇಲ್ಲ. ಆಮೇಲೆ ಅವರೇ ಫೋನು ಮಾಡಿದರು. "ಇವರು ಮಾತಾಡ್ತಾ ಇಲ್ಲ. ಒಳ್ಳೆಯದೇ ಆಯ್ತು, ಪಾಠ ಸರಿಯಾಗಿ ಕೇಳ್ತದೆ. ಮೂವತ್ತಾರಕ್ಕೆ ಬಂದಿದ್ದೇನೆ." ಪರೀಕ್ಷೆ ಬರೆದರು, ಪಾಸಾದರು, ಕಾರ್ಕಳದಲ್ಲೇ ಕೆಲಸಕ್ಕೆ ಸೇರಿದರು. ಫ್ರಾನ್ಸಿಸರು ರಜೆ ಮುಗಿಯುವ ತನಕವೂ ಮುಖ ಕೊಟ್ಟು ಮಾತಾಡಲಿಲ್ಲವಂತೆ.

ಆ ಪ್ಲಗ್-ಇನ್ ಈಗ ಇಲ್ಲ. ಅಂಥ ಡಬ್ಬಿಗಳು ಬೇರೆ ರೂಪದಲ್ಲಿ ಇದ್ದೇ ಇವೆ. ನಿನ್ನೆ ಆಫೀಸಿನ ಹಿರಿಯ ಮೇಡಂ ಒಬ್ಬರು ಲ್ಯಾಪ್‌ಟಾಪ್ ತಂದು ಅದರಲ್ಲಿದ್ದ ತಮ್ಮದನ್ನೆಲ್ಲ ಅಳಿಸಲು ಹೇಳಿದರು. ಏನೇನು ಹೋಗುತ್ತದೆಂದು ಮೊದಲು ಅವರಿಗೇ ತೋರಿಸಿ, ಒಪ್ಪಿದ ಮೇಲೆ ಅಳಿಸಿದೆ.

"ಎಲ್ಲ ಹೋಯ್ತಲ್ವಾ?" ಎಂದರು.

"ನನಗೆ ಗೊತ್ತಿರುವಷ್ಟು ಹೋಗಿದೆ ಮೇಡಂ. ಗೊತ್ತಿಲ್ಲದ್ದು ಇರಬಹುದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಇದನ್ನೇ ಕಲಿತವರಲ್ವಾ?"

"ಹೌದು," ಎಂದೆ, "ಹಾಗಾಗಿಯೇ ಹೇಳ್ತಿದ್ದೇನೆ."