ಒಂದ್ಕಾಲ್ ಸುತ್ತು

೧೯೯೯ನೇ ಇಸವಿ. ಅಕ್ಸ್‌ಬ್ರಿಡ್ಜ್‌ನ ಒಂದು ಬಂದೂಕಿನ ಅಂಗಡಿಯಲ್ಲಿ ನಾನು ರಿಪೇರಿ ಬೆಂಚಿನ ಯಜಮಾನ. ಕುಂದಾಪುರದ ಲೇತ್ ಕೆಲಸದವನೊಬ್ಬ ಇಂಗ್ಲಿಷರ ರೈಫಲ್ ಸರಿಮಾಡಿಕೊಡುವುದೆಂದರೆ ಸಣ್ಣ ಮಾತಲ್ಲ. ಪಶ್ಚಿಮ ಲಂಡನ್ನಿನಲ್ಲಿ ನನ್ನಂಥ ಕೈ ಇನ್ನೊಂದಿಲ್ಲ ಎಂದು ಹೇಳುವವರಿದ್ದರು. ಹೆಚ್ಚಾಗಿ ಹೇಳುತ್ತಿದ್ದವನು ನಾನೇ.

ಗಿರಾಕಿಗಳಲ್ಲಿ ನನಗೆ ತೀರಾ ಬೇಕಾದವರು ಕ್ರೋಯ್ಡನ್‌ನ ಬೋಪಯ್ಯ, ದೇಚಮ್ಮ ದಂಪತಿ. ಕೊಡಗಿನವರು. ಆತ ಟಾರ್ಗೆಟ್ ಶೂಟರ್, ಆಕೆ ನಿವೃತ್ತ ನರ್ಸ್; ಬಂದೂಕು ಇಟ್ಟುಕೊಳ್ಳಲು ಇಬ್ಬರಿಗೂ ಪೊಲೀಸರ ಸರ್ಟಿಫಿಕೇಟ್ ಇತ್ತು. ವಾತದಿಂದ ಬೋಪಯ್ಯನವರ ಬೆರಳ ಗಂಟುಗಳು ಊದಿ, ಸಣ್ಣ ಸಾಮಾನು ಹಿಡಿಯಲಾಗದಂತಾದಾಗ ತೋಟೆ, ಅಂದರೆ ಕಾಡತೂಸು, ತಯಾರಿಸುವ ಕೆಲಸವನ್ನು ದೇಚಮ್ಮ ವಹಿಸಿಕೊಂಡರು. ಅಡುಗೆಮನೆಯ ಮೇಜಿನ ಅಂಚಿಗೆ ಕೈಯಿಂದ ಒತ್ತುವ ಪ್ರೆಸ್ ಬಿಗಿದು ಒಂದೊಂದೇ ಮಾಡುತ್ತಿದ್ದರು. ಹೆಂಡತಿಯ ಕೈಯ ತೋಟೆ ಬಿಟ್ಟು ಬೇರೆ ಯಾವುದನ್ನೂ ಬೋಪಯ್ಯ ರೈಫಲಿಗೆ ಹಾಕುತ್ತಿರಲಿಲ್ಲ.

ತಮಾಷೆ ಮಾಡುವಾಗ ಇಂಥವರನ್ನೂ ನಾನು ಬಿಟ್ಟವನಲ್ಲ. ‘ನಿಮ್ಮ ಗೊರಕೆಯ ಮೇಲೆ ಕೌನ್ಸಿಲ್‌ಗೆ ದೂರು ಹೋಗಿದೆ’ ಎಂದು ಒಮ್ಮೆ ದನಿ ಬದಲಿಸಿ ಬೋಪಯ್ಯನವರಿಗೆ ಫೋನ್ ಮಾಡಿದ್ದೆ. ಪಾಪ, ಅವರು ಮರುದಿನ ಕೌನ್ಸಿಲ್ ಆಫೀಸಿಗೇ ಹೋಗಿ ಕ್ಷಮೆ ಕೇಳಿ ಬಂದಿದ್ದರು.

ಈಗ ದೇಚಮ್ಮನವರ ಪ್ರೆಸ್ಸಿನ ಸೀಟಿಂಗ್ ಡೈ ಎಂದರೇನು ಹೇಳಬೇಕು. ನನ್ನ ತಲೆಗೆ ಹಚ್ಚುವ ಡೈ ಅಲ್ಲ. ಪ್ರೆಸ್ಸಿಗೆ ತಿರುಪಿ ಕೂರಿಸುವ ಉಕ್ಕಿನ ಕೊಳವೆ. ಮದ್ದು ತುಂಬಿದ ಹಿತ್ತಾಳೆ ಕೇಸಿನ ಬಾಯಿಗೆ ಗುಂಡನ್ನಿಟ್ಟು ಪ್ರೆಸ್ಸಿನ ಹಿಡಿ ಎಳೆದರೆ, ಡೈಯೊಳಗಿನ ಕಡ್ಡಿ ಆ ಗುಂಡನ್ನು ಒಳಗೆ ಕೂರಿಸುತ್ತದೆ. ಎಷ್ಟು ಆಳಕ್ಕೆ ಎಂಬುದನ್ನು ನಿರ್ಧರಿಸುವುದು ಡೈಯ ನೆತ್ತಿಯ ತಿರುಪು. ಅದನ್ನು ಒಂದು ಪೂರ್ತಿ ಸುತ್ತು ಕೆಳಗಿಳಿಸಿದರೆ ಗುಂಡು ಒಂದು ಮಿಲಿಮೀಟರಿಗೆ ತುಸು ಕಡಿಮೆ ಒಳಹೋಗುತ್ತದೆ. ಕೇಳಲು ಅಲ್ಪ. ಆದರೆ ಗುಂಡು ಆಳಕ್ಕಿಳಿದಷ್ಟೂ ಕೇಸಿನೊಳಗೆ ಜಾಗ ಕಿರಿದಾಗಿ, ಹೊಡೆದಾಗ ಒತ್ತಡ ಏರುತ್ತದೆ. ಆ ಒತ್ತಡ ತಡೆಯುವ ಬೋಲ್ಟ್, ಅಂದರೆ ರೈಫಲಿನ ಹಿಂಬದಿ ಮುಚ್ಚುವ ಉಕ್ಕಿನ ಅಗುಳಿ, ಇರುವುದು ಹೊಡೆಯುವವನ ಕೆನ್ನೆಯ ಪಕ್ಕದಲ್ಲೇ.

ಒಂದು ಶುಕ್ರವಾರ ದೇಚಮ್ಮ ಅಂಗಡಿಗೆ ಫೋನ್ ಮಾಡಿದರು. “ಮಂಜು, ಹೊಸ ಗುಂಡು ತಂದ್ವಲ್ಲ, ತೋಟೆ ಒಂಚೂರು ಉದ್ದ ಬರ್ತಿದೆ.”

ಅಂಗಡಿಯಲ್ಲಿ ಜನ ಇದ್ದರು. ಅಳತೆ ಎಷ್ಟೆಂದು ಕೇಳುವ ವ್ಯವಧಾನ ನನಗಿರಲಿಲ್ಲ. “ಒಂದ್ಕಾಲ್ ಸುತ್ತು ಕೆಳಗೆ ಕೊಡಿ ಅಕ್ಕ, ಸಾಕು,” ಎಂದು ಫೋನ್ ಇಟ್ಟೆ.

ಭಾನುವಾರ ಬೆಳಿಗ್ಗೆ ಮನೆಗೆ ಅವರದೇ ಫೋನ್. “ನೀನು ಹೇಳ್ದಂಗೆ ಒಂದು ಪೂರ್ತಿ ಸುತ್ತು, ಮೇಲೊಂದು ಕಾಲು ತಿರುಗಿಸ್ದೆ ಕಣೋ. ಈಗ ಗಿಡ್ಡಗೆ ಮುದ್ದಾಗಿವೆ. ಇವರು ನಲವತ್ತು ತಗೊಂಡು ಶೂಟಿಂಗ್ ರೇಂಜಿಗೆ ಹೋಗಿದ್ದಾರೆ.”

ನಾನು ಹೇಳಿದ್ದು ಒಂದು ಕಾಲು, ಅಂದರೆ ಬರೀ ಕಾಲು ಸುತ್ತು. ಅವರಿಗೆ ಕೇಳಿಸಿದ್ದು ಒಂದೂಕಾಲು. ಮಾತಿನ ಬಾಲ ಕಚ್ಚಿ ನುಂಗುವ ನನ್ನ ಕುಂದಾಪುರದ ನಾಲಿಗೆಯಲ್ಲಿ ಎರಡೂ ಒಂದೇ.

ಸರ್ರೆಯ ರೇಂಜಿನ ಆಫೀಸಿಗೆ ಫೋನ್ ಮಾಡಿ ಬೋಪಯ್ಯನವರನ್ನು ಕರೆಸಿದೆ.

“ಬೋಪಣ್ಣ, ಹೊಡೆದ್ರಾ?”

“ಇಲ್ಲ, ಮುಂದಿನ ಸರದಿ ನಂದು. ಏನು, ಇವತ್ತು ಯಾವ ಕೌನ್ಸಿಲ್ಲಪ್ಪಾ?”

“ಹೊಡೀಬೇಡಿ ಮಾರಾಯ್ರೆ. ತಮಾಷೆ ಅಲ್ಲ.”

“ಅವತ್ತೂ ಹಿಂಗೇ ಅಂದಿದ್ದೆ. ಇಡ್ತೀನಿ, ಕರೀತಿದ್ದಾರೆ.”

“ಗುಂಡು ಆಳಕ್ಕೆ ಕೂತಿದೆ ಅಣ್ಣ. ತಪ್ಪು ನಂದು! ದೇಚಕ್ಕನಿಗೆ ನಾನೇ ತಪ್ಪು ಹೇಳಿದ್ದು.”

ಆ ಕಡೆಯಿಂದ ಬೋಪಯ್ಯ ನಿಧಾನವಾಗಿ ಹೇಳಿದರು. “ತಪ್ಪು ನಂದು ಅಂತ ನೀನು ತಮಾಷೆಗೂ ಹೇಳೋನಲ್ಲ. ತೋಟೆ ಡಬ್ಬಿ ಮುಚ್ತೀನಿ.”

ಮಧ್ಯಾಹ್ನ ಕ್ರೋಯ್ಡನ್‌ಗೆ ಓಡಿದೆ. ನಡೆದದ್ದನ್ನು ಹೇಳಿದಾಗ ದೇಚಮ್ಮ ಗಂಡನ ಮುಖವನ್ನೇ ನೋಡುತ್ತಾ ಕೂತರು. ಕೊನೆಗೆ ಎದ್ದು ಪ್ರೆಸ್ಸಿಗೆ ಬಟ್ಟೆ ಹೊದಿಸಿದರು. “ಇನ್ಮೇಲೆ ಅಂಗಡಿ ತೋಟೆ ತಗೊಳ್ಳಿ. ನಾನು ಮುಟ್ಟಲ್ಲ.”

ಬೋಪಯ್ಯ ಊದಿದ ಬೆರಳುಗಳಲ್ಲಿ ಕ್ಯಾಲಿಪರ್ ಹಿಡಿದು ನಲವತ್ತೂ ತೋಟೆಗಳನ್ನು ಅಳೆಯಲು ಕೂತರು. ಮೂರು ಸಲ ಕೈಜಾರಿ ಬಿತ್ತು. ನಾನು ಎತ್ತಿಕೊಡಲು ಹೋದರೆ ಕಣ್ಣಲ್ಲೇ ಗದರಿದರು.

“ನಲವತ್ತೂ ಒಂದೇ ಅಳತೆ, ದೇಚು,” ಎಂದರು ಕೊನೆಗೆ. “ಕೇಳಿಸಿದ್ದನ್ನ ಕೂದಲೆಳೆ ತಪ್ಪದೆ ಮಾಡಿದ್ದೀಯ. ಹೇಳಿದವನು ಮಂಗ.”

“ಮಂಗ ಒಪ್ಕೊಂಡಿದೆ ಅಕ್ಕ,” ಎಂದೆ.

ದೇಚಮ್ಮ ನಗಲಿಲ್ಲ. ಆದರೆ ಪ್ರೆಸ್ಸಿನ ಮೇಲಿನ ಬಟ್ಟೆ ತೆಗೆದರು. ನಾನು ನಲವತ್ತು ತೋಟೆಗಳ ಗುಂಡನ್ನೂ ಒಂದೊಂದಾಗಿ ಕೀಳುತ್ತಿರುವಾಗ, ಅವರು ಮದ್ದಿಲ್ಲದ ಖಾಲಿ ಕೇಸೊಂದನ್ನು ಪ್ರೆಸ್ಸಿಗಿಟ್ಟು ಕೇಳಿದರು. “ಈಗ ಎಷ್ಟು ಸುತ್ತು ಮೇಲೆ?”

“ಸುತ್ತು ಬೇಡ ಅಕ್ಕ. ಬೇಕಾದ ಉದ್ದ ನಿಮ್ಮ ತೋಟೆ ಲೆಕ್ಕದ ಪುಸ್ತಕದಲ್ಲಿದೆ. ಅಳೆದು ನೀವೇ ನಂಗೆ ಹೇಳಿ.”

ತಿರುಪಿದರು, ಅಳೆದರು, ಮತ್ತೆ ತಿರುಪಿದರು. ಅಂಕಿಗಳನ್ನು ಒಂದೊಂದಾಗಿ, ಮಗುವಿಗೆ ಪಾಠ ಹೇಳಿದಂತೆ ಓದಿದರು. ನಾನು ಹಾಗೇ ತಿರುಗಿ ಒಪ್ಪಿಸಿದೆ. ಮುಂದಿನ ಭಾನುವಾರ ಮಧ್ಯಾಹ್ನ ಅವರ ಫೋನ್ ಬಂತು. “ಹೊಡೆದು ಬಂದ್ರು ಮಂಜು. ಮುಖ ನೆಟ್ಟಗಿದೆ, ಮೊದಲಿಗಿಂತ ಚೆಂದ ಏನಿಲ್ಲ.”

ಆಮೇಲೆ ಇನ್ನೂ ಒಂಬತ್ತು ವರ್ಷ ಆ ಬೆಂಚಿನಲ್ಲಿದ್ದೆ. ಫೋನಿನಲ್ಲಿ ಯಾರಿಗೂ ಸುತ್ತಿನ ಲೆಕ್ಕ ಹೇಳಲಿಲ್ಲ. ಉದ್ದ ಹೇಳಿ, ಅದನ್ನು ಅವರ ಬಾಯಿಂದಲೇ ಕೇಳಿ, ಆಮೇಲೇ ಫೋನ್ ಇಡುತ್ತಿದ್ದೆ. ಸರಿಯಾಗಿ ಹೇಳುವುದು ಅರ್ಧ ಕೆಲಸ. ಅವರಿಗೆ ಏನು ಕೇಳಿಸಿತೆಂದು ಕೇಳಿ ತಿಳಿಯುವುದು ಉಳಿದರ್ಧ. ಈ ಎರಡನೇ ಅರ್ಧದಲ್ಲಿ ನನ್ನಷ್ಟು ತಡವಾಗಿ ಪಾಸಾದವನು ಮಾತ್ರ ಇಡೀ ಲಂಡನ್ನಿನಲ್ಲೇ ಇರಲಾರ.