ಟಕ್ ಅನ್ನುವ ಫ್ಯಾನು

ಅನುಮಾನ ನನ್ನ ಹುಟ್ಟುಗುಣ. ಗುಬ್ಬಿ ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವಾಗ ಎಲ್ಲರೂ ಒಂದು ಸಲ ಅಲ್ಲಾಡಿಸಿ ನೋಡಿದರೆ ನಾನು ನಾಲ್ಕು ಸಲ ನೋಡುತ್ತೇನೆ. ಆಮೇಲೂ ಸಮಾಧಾನವಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ತುಮಕೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ವಾರವೆಲ್ಲ ಲಗ್ನಪತ್ರಿಕೆ. ಮಂಗಳವಾರ ಮಾತ್ರ ಶಟರ್ ಬಾಗಿಲನ್ನು ಅರ್ಧಕ್ಕೆ ಎಳೆದು ಅದೇ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುತ್ತಿದ್ದೆ. ಹಾಡುಗಾರರಿಲ್ಲ, ತಬಲಾ ಇಲ್ಲ, ಬರೀ ಮಿಷನ್ನಿನ ಸದ್ದುಗಳು. ಊರಲ್ಲಿ ಈ ಹುಚ್ಚು ಅರ್ಥವಾಗಿದ್ದು ಒಬ್ಬನಿಗೇ. ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಕುಣಿಗಲ್ಲಿನ ಗೆಳೆಯನಿಗೆ. ಮಂಗಳವಾರ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲವಲ್ಲ, ಅವನಿಗೂ ರಜ. ಕೀಬೋರ್ಡನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ.

ಅಂಗಡಿಯ ಫ್ಯಾನಿಗೊಂದು ರೋಗವಿತ್ತು. ಮೇಲಿನ ಬಟ್ಟಲು ಸಡಿಲವಾಗಿ, ಎರಡು ಸಲ ಟಕ್ ಟಕ್ ಎಂದು ಒಂದು ಕ್ಷಣ ಸುಮ್ಮನಾಗಿ, ಮತ್ತೆ ಟಕ್ ಟಕ್ ಎನ್ನುತ್ತಿತ್ತು. ಒಂದು ದಿನ ಗೆಳೆಯ ಪುಟ್ಟ ಟೇಪ್ ರೆಕಾರ್ಡರನ್ನು ಅದರ ಕಡೆ ಎತ್ತಿ ಹಿಡಿದಿದ್ದ.

"ಏನ್ಲಾ ಅದು?" ಎಂದೆ.

"ಸುಮ್ನೆ ಕಣೋ."

ಸುಮ್ಮನೆ ಯಾರಾದರೂ ಫ್ಯಾನಿಗೆ ಟೇಪ್ ಹಿಡಿಯುತ್ತಾರೆಯೇ? ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಆಗಲೇ ನಾನು ಇಂಥ ಸಂಗೀತ ಮಾಡುವವರ ಒಂದು ಇಮೇಲ್ ಗ್ರೂಪ್ ಸೇರಿದ್ದು. ಅಲ್ಲಿನ ಶಾಸ್ತ್ರಗಳು ಬೀಗರ ಮನೆಯಲ್ಲೂ ಇರಲಿಕ್ಕಿಲ್ಲ. ನಿಜವಾದ ಹೆಸರು ಹೇಳಬಾರದು. ಹಾಡು ಹಿಡಿಸಿದರೆ ಚೆನ್ನಾಗಿದೆ ಅನ್ನಬಾರದು, "ಪಕ್ಕದ ಮನೆಯವರು ಬಾಗಿಲು ಬಡಿದರು" ಎಂದು ಬರೆಯಬೇಕು. ಎಲ್ಲ ಇಂಗ್ಲಿಷಿನಲ್ಲಿ. ನನ್ನ ಮೊದಲ ಹಾಡನ್ನು ಕಳಿಸುವ ಮುಂಚೆ ಗೆಳೆಯ, "ಒಂದ್ ವಾರ ತಡಿಯೋ, ಇನ್ನೂ ಬೆಂದಿಲ್ಲ" ಎಂದಿದ್ದ. ನಾನು ಕೇಳಲಿಲ್ಲ.

ಮಾರನೇ ದಿನ ಯಾರೋ ಗುರುತಿಲ್ಲದವರಿಂದ ಒಂದೇ ಸಾಲಿನ ಉತ್ತರ: "ಮೊದಲು ಫ್ಯಾನ್ ಆಫ್ ಮಾಡಿ."

ತಲೆಯ ಮೇಲೆ ಟಕ್ ಟಕ್. ಆ ಹಾಡಿಗೆ ಮೈಕನ್ನೇ ಬಳಸಿರಲಿಲ್ಲ, ಫ್ಯಾನಿನ ಸದ್ದು ಅದರೊಳಗೆ ಹೋಗಲು ದಾರಿಯೇ ಇಲ್ಲ. ಹಾಗಾದರೆ ಈ ಫ್ಯಾನಿನ ವಿಷಯ ಗೊತ್ತಿರುವುದು ಯಾರಿಗೆ? ಟೇಪ್ ಹಿಡಿದವನಿಗೆ! ಸುಳ್ಳು ಹೆಸರಿನಲ್ಲಿ ಗ್ರೂಪ್ ಸೇರಿ ನನ್ನನ್ನು ಆಡಿಕೊಳ್ಳುತ್ತಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ.

ಮಂಗಳವಾರ ಅವನು ಒಳಗೆ ಬರುತ್ತಿದ್ದಂತೆ ಹಾರಿಬಿದ್ದೆ. "ಫ್ಯಾನ್ ಆಫ್ ಮಾಡು ಅಂತ ಮೇಲ್ ಹಾಕಿ ಬೆನ್ನ ಹಿಂದೆ ನಗೋನು ಬಸ್ ಚಾರ್ಜ್ ಕೊಟ್ಟು ಯಾಕ್ ಬರ್ತೀಯ?"

"ಯಾವ ಫ್ಯಾನು, ಯಾವ ಮೇಲು? ತಲೆಗಿಲೆ ಕೆಟ್ಟಿದ್ಯೇನ್ಲಾ?"

"ನಾಟಕ ಆಡ್ಬೇಡ."

ಅವನು ಕೀಬೋರ್ಡಿನ ಚೀಲವನ್ನು ಇಳಿಸಲೇ ಇಲ್ಲ. "ನಿನ್ ಅನುಮಾನನೇ ನಿಂಗೆ ಕೀಬೋರ್ಡ್ ನುಡಿಸ್ಲಿ ಬುಡು" ಎಂದು ಹೊರಟೇ ಹೋದ.

ಹಟಕ್ಕೆ ಬಿದ್ದು ಎಲೆಕ್ಟ್ರೀಷಿಯನ್ನನ್ನು ಕರೆಸಿ ಫ್ಯಾನ್ ರಿಪೇರಿ ಮಾಡಿಸಿದೆ. ಅಂಗಡಿ ಮೌನವಾಯಿತು. ಅವನಿಲ್ಲದೆ ನನ್ನಿಂದ ಒಂದು ತಾಳವೂ ಕೂಡಲಿಲ್ಲ. ಆದರೂ ತಪ್ಪು ಅವನದೇ ಎಂದುಕೊಂಡು ಮೂರು ತಿಂಗಳು ತಳ್ಳಿದೆ.

ಆಗ ಗ್ರೂಪಿನ ಹಿರಿಯರೊಬ್ಬರಿಂದ ಮೇಲ್ ಬಂತು. ಇಲ್ಲಿ ಯಾರು ಮೊದಲ ಹಾಡು ಕಳಿಸಿದರೂ "ಫ್ಯಾನ್ ಆಫ್ ಮಾಡಿ" ಎಂದೇ ಸ್ವಾಗತಿಸುವುದು ಪದ್ಧತಿ. ಗ್ರೂಪ್ ಶುರು ಮಾಡಿದವರ ಮೊದಲ ಹಾಡಿನ ತುಂಬ ಫ್ಯಾನಿನ ಗಾಳಿಯೇ ಇತ್ತಂತೆ, ಅವತ್ತಿನ ತಮಾಷೆ. ಕೊನೆಗೆ ಸೇರಿದವರು ಹೊಸಬರಿಗೆ ಇದನ್ನು ಹೇಳಬೇಕು. ಈಗ ಹೊಸಬರು ಬಂದಿದ್ದಾರೆ, ಸರದಿ ನಿಮ್ಮದು ಎಂದು ಬರೆದಿದ್ದರು.

ಅಯ್ಯೋ ನನ್ನ ಬುದ್ಧಿಗಿಷ್ಟು! ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದೇ ನಾಚಿಕೆಯಲ್ಲಿ ಹೊಸಬರ ಹಾಡು ತೆರೆದೆ.

ಟಕ್ ಟಕ್. ಒಂದು ಕ್ಷಣ ಮೌನ. ಟಕ್ ಟಕ್.

ನನ್ನ ಅಂಗಡಿಯ ಫ್ಯಾನು! ಅದರ ಮೇಲೆ ಅವನ ಕೀಬೋರ್ಡು, ಮೆಲ್ಲಗೆ. ಹಂಗಿಸಲು ಕಳಿಸಿದನೇ ಎಂದು ಹಾಳು ಮನಸ್ಸು ಮತ್ತೆ ಕೇಳಿತು. ಹಾಡು ಮುಗಿಯುವ ಹೊತ್ತಿಗೆ ನನಗೆ ಅಳು ಬಂದಿತ್ತು. ಹಂಗಿಸುವವನು ಅಷ್ಟು ಪ್ರೀತಿಯಿಂದ ನುಡಿಸುವುದಿಲ್ಲ.

ಪದ್ಧತಿಯ ಸಾಲು ಬರೆಯಲು ಕೈ ಬರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ: "ಫ್ಯಾನ್ ಓಡ್ಲಿ ಬುಡೋ. ತಪ್ಪು ನಂದು. ಮಂಗಳವಾರ ಬಾ." ಪದ್ಧತಿ ಮುರಿದೆನೆಂದು ಗ್ರೂಪಿನಲ್ಲಿ ಗಲಾಟೆಯೋ ಗಲಾಟೆ. ಒಬ್ಬರಂತೂ ಬುಡೋ ಎಂದರೆ ಹೊಸ ಸಾಫ್ಟ್‌ವೇರೇ ಎಂದು ಕೇಳಿದರು. ಅವನು ಮಾತ್ರ ಏನೂ ಬರೆಯಲಿಲ್ಲ.

ಮಂಗಳವಾರ ಹನ್ನೊಂದಾದರೂ ಸುಳಿವಿಲ್ಲ. ಬರುವುದಿಲ್ಲ ಎಂದು ಗಟ್ಟಿ ಮಾಡಿಕೊಳ್ಳುತ್ತಿದ್ದಾಗ ಅರ್ಧ ಬಾಗಿಲಿನ ಕೆಳಗಿಂದ ಮೊದಲು ಕೀಬೋರ್ಡಿನ ಚೀಲ, ಹಿಂದೆ ಅವನು ನುಗ್ಗಿದ. ನನ್ನ ಮುಖ ನೋಡಲಿಲ್ಲ, ತಲೆಯೆತ್ತಿ ಫ್ಯಾನ್ ನೋಡಿದ. ಅದು ಸದ್ದಿಲ್ಲದೆ ತಿರುಗುತ್ತಿತ್ತು.

"ರಿಪೇರಿ ಮಾಡಿಸ್ಬಿಟ್ಯಾ?" ಅವನ ಮುಖ ಸಪ್ಪಗಾಯಿತು.

ಹೂಂ ಎಂದೆ. ಅವನು ಫ್ಯಾನ್ ಆಫ್ ಮಾಡಿ, ಕುರ್ಚಿ ಎಳೆದು ಹತ್ತಿ, ಕೀಬೋರ್ಡ್ ರಿಪೇರಿಗೆಂದು ಸದಾ ಜೇಬಿನಲ್ಲಿಡುತ್ತಿದ್ದ ಸ್ಕ್ರೂಡ್ರೈವರ್ ತೆಗೆದು ಬಟ್ಟಲನ್ನು ಸಡಿಲಿಸತೊಡಗಿದ.

"ತಲೆ ಮೇಲೆ ಬಿದ್ರೆ ಏನೋ ಗತಿ?" ಎಂದೆ, ತಡೆಯಲಾರದೆ.

"ಬಿದ್ರೆ ಆಗ್ಲೂ ನನ್ ಮೇಲೇ ಅನುಮಾನ ಪಡೀವಂತೆ. ಈಗ ಕುರ್ಚಿ ಹಿಡ್ಕೊ."

ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.