ಆಯಿ ಒತ್ತಿ ನೋಡಿದ ತೋಳು

ಸ್ಪಿರಿಟ್ ಅದ್ದಿದ ಅರಳೆಯ ವಾಸನೆಗೆ ನಾನು ಇಂದಿಗೂ ಅಂಜುತ್ತೇನೆ. ಹೋದ ತಿಂಗಳು ಮಗಳಿಗೆ ಕಾಲರಾ ಸೂಜಿ ಹಾಕಿಸಲು ಶಹಾಬಾದಿನ ದವಾಖಾನೆಗೆ ಹೋಗಿದ್ದೆ. ನರ್ಸಮ್ಮ ಅರಳೆ ಕೈಗೆತ್ತಿಕೊಳ್ಳುತ್ತಲೇ ಕಣ್ಣು ಮುಚ್ಚಿ ಗೋಡೆಯ ಕಡೆ ತಿರುಗಿಬಿಟ್ಟೆ. "ಅಪ್ಪಾ, ಸೂಜಿ ನನಗ, ನೀವ್ಯಾಕ ಕಣ್ಣು ಮುಚ್ಚೀರಿ?" ಎಂದು ಮಗಳು ನಕ್ಕಳು. ನಾನೂ ನಕ್ಕೆ. ಆದರೆ ಎಡತೋಳಿನ ಮೇಲೆ ಯಾರೋ ಹೆಬ್ಬೆಟ್ಟಿಟ್ಟು ಒತ್ತಿದಂತಾಯಿತು... ಯಾರೋ ಅಂತ ಯಾಕೆ ಬರೆಯಲಿ, ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅದು ನಿಜಾಮರ ಕಾಲ. ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇದ್ದೀತು. ಚಿತ್ತಾಪುರದ ತಹಸೀಲು ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ಬರೆಯುವ ಕೆಲಸ. ಊರಿನ ನಾಲ್ಕಾರು ಮಂದಿ ಕೂಡಿ ಒಂದು ಸೇವಾ ಸಂಘ ಮಾಡಿಕೊಂಡಿದ್ದೆವು. ಸಂಘ ಅಂದರೆ ಒಂದು ಕೋಣೆ, ಎರಡು ಚಾಪೆ, ಮೂರು ದಿನ ತಡವಾಗಿ ಬರುವ ಒಂದು ಕನ್ನಡ ಪತ್ರಿಕೆ. ಬೇಸಿಗೆಯಲ್ಲಿ ವಾಡಿ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವವರಿಗೆ ನೀರು ಕೊಡುತ್ತಿದ್ದೆವು. ಬಾವಿಗಳ ಹೂಳೆತ್ತುತ್ತಿದ್ದೆವು. ದಿಕ್ಕಿಲ್ಲದವರು ಸತ್ತರೆ ಹೆಣ ಹೊರುತ್ತಿದ್ದೆವು. ಹೊರುತ್ತಿದ್ದೆವು ಎಂದು ಬರೆದೆನಲ್ಲ, ಹೆಣ ಹೊರುವ ದಿನ ನನಗೆ ಸಾಮಾನ್ಯವಾಗಿ ಸೊಂಟ ಹಿಡಿದಿರುತ್ತಿತ್ತು. ನಾನು ಹಾವಿಗೆ ಅಂಜುತ್ತಿದ್ದೆ, ಹೊಳೆಗೆ ಅಂಜುತ್ತಿದ್ದೆ, ಕಚೇರಿಯ ಪೇಶಕಾರ ಸಾಹೇಬರ ಕೆಮ್ಮಿಗೂ ಅಂಜುತ್ತಿದ್ದೆ. ಸಂಘ ಸೇರಿದ್ದು ಕೂಡ, ಸೇರದಿದ್ದರೆ ನಾಲ್ಕು ಮಂದಿ ಏನೆಂದಾರು ಎಂಬ ಅಂಜಿಕೆಗೆ.

ಒಂದು ವರ್ಷ ಮಳೆಗಾಲದ ಮುಂಚೆ ಕಾಗಿಣಾ ಹೊಳೆಯ ದಂಡೆಯಲ್ಲಿ ಕಾಲರಾ ಕಾಣಿಸಿಕೊಂಡಿತು. ಚಿತ್ತಾಪುರದ ದವಾಖಾನೆಯ ಡಾಕ್ಟರ್ ಸಾಹೇಬರು ಒಬ್ಬ ಕಂಪೌಂಡರನನ್ನೂ ಔಷಧಿಯ ಪೆಟ್ಟಿಗೆಯನ್ನೂ ನಮಗೆ ಒಪ್ಪಿಸಿದರು. ಹಳ್ಳಿಗಳಿಗೆ ಹೋಗಿ ಜನರ ಮನ ಒಲಿಸುವುದು ನಮ್ಮ ಕೆಲಸ, ಸೂಜಿ ಹಾಕುವುದು ಅವನ ಕೆಲಸ. ಅವನ ಸೂಜಿ ನೀವು ನೋಡಬೇಕಿತ್ತು. ದಬ್ಬಣದ ತಂಗಿಯಂತಿತ್ತು. ಮೊಂಡಾದರೆ ಕಲ್ಲಿನ ಮೇಲೆ ಮಸೆದು, ಕುದಿಯುವ ನೀರಿಗೆ ಹಾಕಿ, ಮತ್ತೆ ಮುಂದಿನವನ ತೋಳಿಗೆ! ಹೊರಡುವ ಹಿಂದಿನ ಸಂಜೆ ಸಂಘದ ಕೋಣೆಯಲ್ಲಿ ಮೊದಲು ನಮ್ಮವರೆಲ್ಲ ಹಾಕಿಸಿಕೊಂಡರು. ಯಾರ್ಯಾರದು ಆಯಿತು ಎಂದು ಹೆಸರು ಬರೆದುಕೊಳ್ಳುವವನು ನಾನು. ಎಲ್ಲರ ಹೆಸರು ಬರೆದೆ, ಕೊನೆಗೆ ನನ್ನದನ್ನೂ ಬರೆದೆ. ತೋಳು ಮಾತ್ರ ಅಂಗಿಯೊಳಗೇ ಉಳಿಯಿತು.

ಮರುದಿನ ಚಕ್ಕಡಿ ಕಟ್ಟಿಕೊಂಡು ದಂಡೋತಿ ದಾಟಿ ಒಂದು ಹಳ್ಳಿಗೆ ಹೋದೆವು. ಜನ ಕೂಡಿದರು, ಆದರೆ ಹತ್ತಿರ ಬರಲಿಲ್ಲ.

"ವಾಡ್ಯಾಗ ಸೂಜಿ ಮಾಡಿಸ್ಕೊಂಡವರ ತೋಳು ಬದನಿಕಾಯಿ ಹಂಗ ಬಾತಾವಂತ," ಎಂದ ಒಬ್ಬ.

"ಮುಟ್ಟಿದರ ಚೀರ್ತಾರಂತ," ಎಂದ ಇನ್ನೊಬ್ಬ. "ಸರಕಾರದ್ದು ಪುಕ್ಕಟ ಬಂದದಂದರ ಏನೋ ಅದ ಬಿಡ್ರಿ."

ಆಗ ಮಂದಿಯ ನಡುವಿನಿಂದ ಒಬ್ಬ ಮುದುಕಿ ಎದ್ದು ಬಂದಳು. ಆ ಊರಿನ ಸೂಲಗಿತ್ತಿ. ಅಲ್ಲಿ ನಿಂತವರಲ್ಲಿ ಹೆಚ್ಚಿನವರು ಅವಳ ಕೈಯಲ್ಲೇ ಹುಟ್ಟಿದವರು, ಅದಕ್ಕೆ ಊರಿಗೆಲ್ಲ ಆಯಿ. ಅವಳು ಹ್ಞೂಂ ಅಂದರೆ ಊರು ಹ್ಞೂಂ, ಉಹ್ಞೂಂ ಅಂದರೆ ನಾವು ಬಂದ ದಾರಿಗೇ ಚಕ್ಕಡಿ ಹೊಳ್ಳಿಸಬೇಕು. ಅದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಇಷ್ಟು ಮಂದಿಯಲ್ಲಿ ಅವಳು ಬಂದು ನಿಂತದ್ದು ನನ್ನ ಮುಂದೆ. "ತಮ್ಮಾ, ನೀ ಮಾಡಿಸ್ಕೊಂಡೀ ಏನು?"

"ಹೌದಾಯಿ, ನಿನ್ನೀನೇ. ಎಲ್ಲಾರ್ಕಿಂತ ಮೊದಲ ನಂದೇ."

ಹೌದು ಅಂದಿದ್ದರೆ ಸಾಕಿತ್ತು. ಸುಳ್ಳು ಹೇಳುವ ಅಂಜುಬುರುಕನಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

"ಯಾವ ತೋಳು?"

ಎಡದ್ದು ತೋರಿಸಿದೆ. ಅವಳು ಹೆಬ್ಬೆಟ್ಟಿಟ್ಟು ಒತ್ತಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಯಾವ ಕಡೆ ತಲೆ ಹಾಕಿದೆ ಎಂದು ಹೇಳುವ ಬೆರಳು ಅದು. ನಾನು ಚೀರಬೇಕಿತ್ತು. ನೋಯಲಿಲ್ಲವಲ್ಲ, ಚೀರುವುದನ್ನೇ ಮರೆತೆ. ಅವಳು ಬೆರಳು ತೆಗೆದ ಮೇಲೆ ನೆನಪಾಗಿ "ಅಯ್ಯೋ" ಅಂದೆ.

ಆಯಿ ನನ್ನ ಮುಖ ನೋಡಿದಳು. ಎಷ್ಟು ಹೊತ್ತು ನೋಡಿದಳೋ... ಬೈದುಬಿಡುತ್ತಾಳೆ, ಇವನೇ ಮಾಡಿಸಿಕೊಂಡಿಲ್ಲ ಅಂದುಬಿಡುತ್ತಾಳೆ, ಊರಿಗೆ ಊರೇ ಎದ್ದು ಹೋಗುತ್ತದೆ ಎಂದು ನಾನು ಚಕ್ಕಡಿಯ ಕಡೆ ಒಂದು ಹೆಜ್ಜೆ ಸರಿದೆ. ಅವಳು ಮಂದಿಯ ಕಡೆ ತಿರುಗಿದಳು.

"ಖರೇನ ಅದ ನೋಡ್ರೋ. ತೋಳು ಕೆಂಡ ಆಗ್ಯದ. ಆದರೂ ಗಟ್ಟಿ ನಿಂತಾನ. ಇಂಥಾ ಕಡ್ಡಿಪೈಲವಾನನೇ ತಡಕೊಂಡಾನಂದರ ನಿಮಗೇನು ಧಾಡಿ?"

ಮಂದಿ ಗೊಳ್ಳೆಂದು ನಕ್ಕರು. ಆಯಿ ಕುಪ್ಪಸದ ತೋಳೇರಿಸಿ ಎಲ್ಲರಿಗಿಂತ ಮೊದಲು ತಾನೇ ಕಂಪೌಂಡರನ ಮುಂದೆ ಕುಳಿತಳು. ಅವಳ ಹಿಂದೆ ಸೊಸೆ, ಸೊಸೆಯ ಹಿಂದೆ ಓಣಿ, ಓಣಿಯ ಹಿಂದೆ ಊರು. ಎರಡು ಮನೆಯವರು ಮಾತ್ರ ಬಾಗಿಲು ಹಾಕಿಕೊಂಡರು. ನನ್ನ ಮಗ್ಗುಲಿಂದ ಹಾದು ಹೋಗುವಾಗ ಆಯಿ ಸಣ್ಣ ದನಿಯಲ್ಲಿ, "ಕಡೀಗೆ ನೀನೂ ಕುಂದ್ರಪಾ, ಯಾರೂ ನೋಡಂಗಿಲ್ಲ," ಅಂದಳು. ಹ್ಞೂಂ ಅಂದೆ. ಆಮೇಲೆ ಎತ್ತುಗಳಿಗೆ ನೀರು ಕುಡಿಸಲು ಹೋದೆ. ಎತ್ತುಗಳು ಆಗಲೇ ಕುಡಿದಿದ್ದವು.

ಹದಿನೈದು ದಿನಕ್ಕೆ ಆ ಊರಿಗೇ ಕಾಲರಾ ಬಂತು. ಬಾಗಿಲು ಹಾಕಿಕೊಂಡ ಎರಡೂ ಮನೆಗಳಲ್ಲಿ ಸಾವಾಯಿತು. ಉಳಿದ ಓಣಿಗಳು ಹೆಚ್ಚುಕಡಿಮೆ ಬಚಾವಾದವು. ಬಾವಿಗಳಿಗೆ ಕೆಂಪು ಔಷಧಿ ಹಾಕಲು, ಬಿದ್ದವರನ್ನು ಎತ್ತಲು ನಮ್ಮ ಸಂಘದವರು ಹೊರಟರು. ನನ್ನ ಸೊಂಟ ಆ ದಿನವೂ ಹಿಡಿಯುವುದರಲ್ಲಿತ್ತು, ಯಾರೂ ಕೇಳಲಿಲ್ಲ. ಊರ ಅಗಸಿ ಬಾಗಿಲ ಹತ್ತಿರ ಆಯಿ ನಿಂತಿದ್ದಳು. ಸೀರೆ ಎತ್ತಿ ಕಟ್ಟಿದ್ದಳು, ಕಣ್ಣು ಕೆಂಪಾಗಿದ್ದವು. ನನ್ನ ಹತ್ತಿರ ಬಂದು, "ಆಮ್ಯಾಲರೆ ಮಾಡಿಸ್ಕೊಂಡೀ?" ಅಂದಳು. ತಲೆ ತಗ್ಗಿಸಿದೆ. ಅವಳು ನಮ್ಮವರ ಕಡೆ ತಿರುಗಿ ದೊಡ್ಡ ದನಿಯಲ್ಲಿ, "ಈ ತಮ್ಮಗ ಹೊಳ್ಳಿ ಕಳಸ್ರಿ, ಔಷಧಿ ಸಾಲಂಗಿಲ್ಲ, ಚಿತ್ತಾಪುರದಿಂದ ತರ್ಲಿ," ಎಂದಳು. ಔಷಧಿ ಬೇಕಾದಷ್ಟಿತ್ತು. ನಾನು ಹಿಂದೆ ನೋಡದೆ ನಡೆದೆ. ಮುಂದಿನ ಮೂರು ದಿನ ಹೇತದ್ದು ಬಳಿದವಳು, ಹೆಣ ತೊಳೆದವಳು ಆ ಮುದುಕಿ...

ಹೊಳ್ಳಿ ಬಂದ ಸಂಜೆಯೇ ಚಿತ್ತಾಪುರದ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಂಡೆ. ಕೆಂಜಿಗ ಕಡಿದಷ್ಟು ನೋಯಿತು. ಅಷ್ಟೇ.

ದಸರೆಯ ಹೊತ್ತಿಗೆ ಸಂಘದವರು ಒಂದು ಸಭೆ ಇಟ್ಟರು. ಎಲ್ಲರಿಗಿಂತ ಮೊದಲು ಸೂಜಿ ಹಾಕಿಸಿಕೊಂಡು ಹಳ್ಳಿಗೆ ಮಾದರಿಯಾದವನೆಂದು ಅಧ್ಯಕ್ಷರು ನನ್ನನ್ನು ಹೊಗಳಿ ಶಾಲು ಹೊದಿಸಿದರು. ಆಯಿಯನ್ನೂ ಕರೆಸಿದ್ದರು. ಅವಳಿಗೆ ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ. ಬಾಗಿಲ ಹತ್ತಿರ ಕುಳಿತಿದ್ದಳು. ನಾನು ಅವಳ ಕಡೆ ನೋಡಿದೆ. ಹೇಳಿಬಿಡು ಅಂತ ಕಣ್ಣು ಮಾಡಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ, ಅದೂ ಸುಳ್ಳೇ ಇರಬೇಕು. ಅವಳು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಹೋಗುವಾಗ, "ಶಾಲು ಭಾಳ ಬೆಚ್ಚಗಿದ್ದಂಗದ," ಅಂದಳು. ಕುಹಕವೋ, ಅಕ್ಕರೆಯೋ... ಇಷ್ಟು ವರ್ಷ ಯೋಚಿಸಿದರೂ ತಿಳಿದಿಲ್ಲ.

ಹೋದ ತಿಂಗಳು ಮಗಳಿಗೆ ಸೂಜಿ ಹಾಕಿಸಿ ಬಂದ ಮುಂದಿನ ಆದಿತ್ಯವಾರ ಬಸ್ಸು ಹತ್ತಿ ಆ ಊರಿಗೆ ಹೋದೆ. ಅವಳ ಮುಂದೆ ಕುಳಿತು ತಪ್ಪಾಯಿತು ಆಯಿ ಅನ್ನಬೇಕು, ಊರವರಿಗೂ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಸೊಸೆ ಕೂಡಲು ಹೊರಸು ಹಾಕಿದಳು, ಅವಳಿಗೂ ಈಗ ತಲೆ ನರೆತಿದೆ. ಆಯಿ ಹೋಗಿ ಎರಡು ವರ್ಷವಾಯಿತಂತೆ.

"ಚಿತ್ತಾಪುರದ ಸೂಜಿಯವ್ರು ಅಲ್ಲೇನ್ರಿ ನೀವು? ನಮ್ಮತ್ತಿ ಸಾಯೂತನಾ ನಿಮ್ಮ ಹೆಸರು ತಗೀತಿದ್ಲು. ಆ ತಮ್ಮ ಮೊದಲ ತಾನು ಮಾಡಿಸ್ಕೊಂಡು ಬಂದ, ಅದಕ್ಕ ನಾವು ತೋಳು ಕೊಟ್ವಿ ಅಂತಿದ್ಲು." ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ಕರೆದಳು. "ಬಾ ಇಲ್ಲಿ, ಇವರಿಂದ ನಮ್ಮೂರು ಉಳದದ. ಕಾಲು ಬೀಳು."

ಆ ಕೂಸು ಬಂದು ನನ್ನ ಕಾಲು ಮುಟ್ಟಿತು. ನನ್ನ ಬಿಟ್ಟರೆ ನಿಜ ಗೊತ್ತಿದ್ದ ಒಬ್ಬಳೇ ಒಬ್ಬಳು ಈಗ ಈ ಲೋಕದಲ್ಲಿ ಇರಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸೊಸೆ ಚಹಾ ತಂದು, "ಸಕ್ರಿ ಸಾಕೇನ್ರಿ?" ಅಂದಳು.

"ಸಾಕವ್ವಾ," ಅಂದೆ.

ಅಷ್ಟು ದೂರ ಹೋಗಿ ನಾನು ಹೇಳಿ ಬಂದದ್ದು ಅದೊಂದೇ ಮಾತು.